ಸ್ಟೆತಾಸ್ಕೋಪಿನಾಚೆ: ಕೋಲುಜೇನಿನ ಬೆನ್ನು ಹತ್ತಿ



ಮಸ್ಕತ್ತಿನಲ್ಲಿ ನಾಲ್ಕು ಜನ ಕನ್ನಡಿಗರು ಒಂದೆಡೆ ಕೂತು ಚಹಾ ಕುಡಿದರೆ ಮಾತು ಎಲ್ಲೆಲ್ಲಿಗೋ ಹೋಗಿ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಮುಂದೆ: "ಇಲ್ಲಿಂದ ಊರಿಗೆ ಹೋದ ಮೇಲೆ ಏನು ಮಾಡುವುದು?" ಒಬ್ಬರು ಹೋಂ ಸ್ಟೇ ಅನ್ನುತ್ತಾರೆ, ಇನ್ನೊಬ್ಬರು ನಾಲ್ಕು ಹಸು ಕಟ್ಟುತ್ತೇನೆ ಅನ್ನುತ್ತಾರೆ. ಜೇನು ಸಾಕುತ್ತೇನೆ ಎನ್ನುವವರೂ ಕಡಿಮೆಯಿಲ್ಲ. "ಮೇವು ಹಾಕುವುದು ಬೇಡ, ಸೆಗಣಿ ಬಾಚುವುದು ಬೇಡ, ಹುಳ ತಾನೇ ಹೋಗಿ ದುಡಿದು ತರುತ್ತದೆ" ಎಂಬುದು ಅವರ ಲೆಕ್ಕ. ಈ ಸಲದ ಅಂಕಣ ಅಂಥವರಿಗಾಗಿ.

ನನ್ನ ಗೆಳೆಯರೊಬ್ಬರಿದ್ದಾರೆ. ಶಿರಸಿ ಕಡೆಯವರು, ಇಲ್ಲಿ ಇಪ್ಪತ್ತು ವರ್ಷ ಎಂಜಿನಿಯರ್ ಆಗಿ ದುಡಿದವರು. ಕೆಲಸದ ಒಪ್ಪಂದ ಮುಗಿಯುತ್ತಾ ಬಂದಾಗ ಒಂದು ಸಂಜೆ ನಮ್ಮ ಮನೆಗೆ ಬಂದು ಕಾಗದ ಬಿಡಿಸಿದರು. ನೂರು ಪೆಟ್ಟಿಗೆ, ಪೆಟ್ಟಿಗೆಗೆ ಇಷ್ಟು ಕಿಲೋ, ಕಿಲೋಗೆ ಇಷ್ಟು ರೂಪಾಯಿ. ಗ್ರಾಚುಯಿಟಿಯ ಹಣವೆಲ್ಲ ಆ ಲೆಕ್ಕದೊಳಗೆ ಕೂತಿತ್ತು. "ಹೇಗಿದೆ ಡಾಕ್ಟ್ರೇ?" ಎಂದರು. ಮಗಳ ಓದು ಇನ್ನೂ ಮುಗಿದಿರಲಿಲ್ಲ. ಅವರ ಮನೆಯವರು ನನ್ನ ಮುಖವನ್ನೇ ನೋಡುತ್ತಿದ್ದರು.

ನಾನು ಜೇನು ತಜ್ಞನಲ್ಲ, ಮನುಷ್ಯರ ವೈದ್ಯ. ಆದರೆ ಪುತ್ತೂರು ಕಡೆಯ ತೋಟದ ಮನೆಯಲ್ಲಿ ಬೆಳೆದವನು. ನಮಗೆ ಜೇನು ಎಂದರೆ ನಾಲ್ಕು ಬಗೆ. ಎತ್ತರದ ಮರ, ಬಂಡೆ, ಈಗೀಗ ಬೆಂಗಳೂರಿನ ಅಪಾರ್ಟ್‌ಮೆಂಟಿನ ಸಜ್ಜಾಗಳಲ್ಲಿ ತೊಟ್ಟಿಲಿನಂತೆ ಜೋತುಬೀಳುವ ಹೆಜ್ಜೇನು. ಮರದ ಪೊಟರೆಯಲ್ಲಿ, ಹುತ್ತದಲ್ಲಿ ಕತ್ತಲೆ ಹುಡುಕಿ ಸಾಲಾಗಿ ಎರಿ ಕಟ್ಟುವ ತುಡುವೆ. ಬೇಲಿಯ ಗಿಡದ ಕೋಲಿಗೆ ಅಂಗೈಯಗಲದ ಒಂದೇ ಒಂದು ಎರಿ ಕಟ್ಟುವ ಕೋಲುಜೇನು. ಗೋಡೆಯ ಸಂದಿನಲ್ಲಿ ಸೇರಿಕೊಳ್ಳುವ, ಚುಚ್ಚಲು ಬಾರದ ಮೊಜಂಟಿ. ಇವುಗಳಲ್ಲಿ ಪೆಟ್ಟಿಗೆಗೆ ಚೆನ್ನಾಗಿ ಒಗ್ಗಿದ್ದು ತುಡುವೆ. ಅದರ ಅಳತೆಗೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು 1910ರ ದಶಕದಲ್ಲಿ ತಿರುಚಿನಾಪಳ್ಳಿಯಲ್ಲಿ ರೂಪಿಸಿದವರು ನ್ಯೂಟನ್ ಎಂಬ ಪಾದ್ರಿ. ನಮ್ಮವರು ಈಗಲೂ ಅದನ್ನು ನ್ಯೂಟನ್ ಪೆಟ್ಟಿಗೆ ಎಂದೇ ಕರೆಯುತ್ತಾರೆ. ಕೊಡಗಿನ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿದ್ದು 1936ರಲ್ಲಿ. ಆಮೇಲೆ ನಮ್ಮ ಪುತ್ತೂರಿನಲ್ಲೂ ಜೇನು ವ್ಯವಸಾಯಗಾರರ ಸಹಕಾರ ಸಂಘ ಬೆಳೆಯಿತು. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು ಕಟ್ಟಿದ್ದು ಈ ತುಡುವೆಗಳೇ.

1990ರ ದಶಕದ ಮೊದಲ ವರ್ಷಗಳಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಕಾಯಿಲೆ ದಕ್ಷಿಣ ಭಾರತದ ತುಡುವೆಗಳಿಗೆ ಬಡಿಯಿತು. ಮರಿಗಳು ಕೋಶದೊಳಗೇ ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ಸಾಕಿದ ಜೇನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಕುಟುಂಬಗಳು ಕೆಲವೇ ವರ್ಷಗಳಲ್ಲಿ ನಾಶವಾದವು. ನಾನಾಗ ಎಂ.ಬಿ.ಬಿ.ಎಸ್. ಓದುತ್ತಿದ್ದೆ. ರಜೆಗೆ ಮನೆಗೆ ಹೋದಾಗ ಅಂಗಳದಂಚಿನ ಹನ್ನೆರಡು ಪೆಟ್ಟಿಗೆಗಳೂ ಖಾಲಿ. "ನೀನು ಡಾಕ್ಟ್ರಾಗ್ತೀಯಲ್ಲ, ಇದಕ್ಕೆ ಮದ್ದಿಲ್ವಾ?" ಎಂದು ಅಪ್ಪ ಕೇಳಿದರು. ಇರಲಿಲ್ಲ, ಇಂದಿಗೂ ಇಲ್ಲ. ತಾಳಿಕೊಂಡು ಉಳಿದ ಕೆಲವು ಕುಟುಂಬಗಳಿಂದಲೇ ಜೇನು ನಿಧಾನವಾಗಿ ಚೇತರಿಸಿಕೊಂಡಿತು. ಗೆಳೆಯರ ಕಾಗದದಲ್ಲಿ ಎಲ್ಲ ಲೆಕ್ಕವೂ ಇತ್ತು, ಖಾಲಿ ಪೆಟ್ಟಿಗೆಯ ಕಾಲಂ ಒಂದನ್ನು ಬಿಟ್ಟು.

"ಊರಿಗೆ ಹೋಗುವ ಮೊದಲು ಇಲ್ಲಿಯ ಜೇನು ನೋಡೋಣ ಮಾರಾಯ್ರೇ" ಎಂದೆ. ಅವರಿಗೆ ನಗು ಬಂತು. ಮಲೆನಾಡಿನವರು ಜೇನು ಕಲಿಯಲು ಮರುಭೂಮಿಗೆ ಹೋಗುವುದೇ? ಆದರೆ ಒಮಾನಿನವರು ಜೇನಿನಲ್ಲಿ ಹಳಬರು. ಇಲ್ಲಿ ಎರಡು ಬಗೆಯ ಜೇನುಹುಳ ಸಾಕುತ್ತಾರೆ. ಒಂದು, ಅರಬ್ ನಾಡಿನದೇ ಆದ ಜೇನು. ಇದು ಯುರೋಪಿನ ಮೆಲ್ಲಿಫೆರಾ ಜಾತಿಯದೇ ಸಣ್ಣ ತಳಿ. ಇದಕ್ಕೆ ಖರ್ಜೂರದ ಕಾಂಡವನ್ನು ಕೊರೆದು ಪೊಳ್ಳು ಮಾಡಿ, ಅಡ್ಡಲಾಗಿ ಒಂದರ ಮೇಲೊಂದು ಪೇರಿಸಿಡುತ್ತಾರೆ. ಆ ಕೊರಡಿಗೆ ತುಬ್ಲ್ ಎಂದು ಹೆಸರು. ಇನ್ನೊಂದನ್ನು ಅಬು ತುವೈಕ್ ಎನ್ನುತ್ತಾರೆ. ಓದುತ್ತಾ ಹೋದಾಗ ನನಗೆ ಆಶ್ಚರ್ಯವಾಯಿತು. ವಿಜ್ಞಾನಿಗಳು ಏಪಿಸ್ ಫ್ಲೋರಿಯಾ ಎಂದು ಕರೆಯುವ ಈ ಅಬು ತುವೈಕ್ ಬೇರೆ ಯಾರೂ ಅಲ್ಲ, ನಮ್ಮ ಬೇಲಿಯ ಕೋಲುಜೇನೇ! ನಮ್ಮಲ್ಲಿ ಅದನ್ನು ಯಾರೂ ಸಾಕುವುದಿಲ್ಲ. ಕಂಡರೆ ಹೊಗೆ ಹಾಕಿ ಓಡಿಸಿ, ಕೋಲು ಮುರಿದು, ಮರಿಗಳ ಸಮೇತ ಎರಿಯನ್ನು ಹಿಂಡಿ ಮುಗಿಸುತ್ತೇವೆ. ಇಲ್ಲಿಯವರು ಅದನ್ನೇ ತಲೆಮಾರುಗಳಿಂದ ಮನೆಯ ಬಳಿ ಇರಿಸಿಕೊಂಡಿದ್ದಾರೆ. ಅದು ಹೇಗೆಂದು ನೋಡಲೇಬೇಕೆನಿಸಿತು.

ನಮ್ಮ ಆಸ್ಪತ್ರೆಯ ನರ್ಸ್ ಒಬ್ಬರ ಅಜ್ಜನ ಮನೆ ರುಸ್ತಾಕ್ ಬಳಿಯ ವಾದಿಯೊಂದರಲ್ಲಿದೆ. ಮಸ್ಕತ್ತಿನಿಂದ ಸುಮಾರು 150 ಕಿ.ಮೀ. ರುಸ್ತಾಕ್ ಕೋಟೆಗೆ ಎಷ್ಟು ಹೆಸರೋ ಜೇನಿಗೂ ಅಷ್ಟೇ ಹೆಸರು. ಅಜ್ಜನ ಬಳಿ ಅಬು ತುವೈಕ್ ಇದೆ ಎಂದು ತಿಳಿದು ಹೊರಡಲು ದಿನ ಗೊತ್ತುಮಾಡಿದೆವು. ಸುಮ್ರ್, ಅಂದರೆ ನಮ್ಮ ಜಾಲಿಯ ಬಳಗದ ಮರ, ಹೂ ಬಿಡುವ ಕಾಲ: 2020ರ ಏಪ್ರಿಲ್.

ಆ ಏಪ್ರಿಲ್ ಹೇಗಿತ್ತೆಂದು ನಿಮಗೆ ಹೇಳಬೇಕಿಲ್ಲ. 10ನೇ ತಾರೀಕಿಗೆ ಮಸ್ಕತ್ ಗವರ್ನರೇಟಿಗೆ ಬೀಗ ಬಿತ್ತು. ಗೆಳೆಯರು ಮನೆಯಲ್ಲಿ ಬಂದಿ, ನಾನು ಆಸ್ಪತ್ರೆಯಲ್ಲಿ ಬಂದಿ. ಮುಂದಿನ ವರ್ಷ ಮತ್ತೆ ಹೊರಟೆವು. ಈ ಸಲ ಸಿದ್ರ್ ಹೂವಿನ ಕಾಲಕ್ಕೆ. ಸಿದ್ರ್ ಎಂದರೆ ನಮ್ಮ ಬೋರೆ ಹಣ್ಣಿನ ಗಿಡದ ದಾಯಾದಿ. 2021ರ ಅಕ್ಟೋಬರ್ 3ರಂದು ಶಾಹೀನ್ ಚಂಡಮಾರುತ ಬಾತಿನಾ ಕರಾವಳಿಗೆ ಅಪ್ಪಳಿಸಿತು. ಖಾಬೂರಾದಲ್ಲಿ 300 ಮಿ.ಮೀ.ಗೂ ಹೆಚ್ಚು ಮಳೆ. ಆಗುಂಬೆಯವರು ಅದನ್ನು ಒಂದು ದಿನದ ಮಳೆ ಎನ್ನಬಹುದು. ವರ್ಷಕ್ಕೆ ನೂರು ಮಿ.ಮೀ. ಸುತ್ತಮುತ್ತ ಮಳೆ ಕಾಣುವ ಈ ನಾಡಿಗೆ ಅದು ಪ್ರಳಯ. ರಸ್ತೆ ಕೊಚ್ಚಿಹೋಯಿತು, ಎಷ್ಟೋ ತೋಟ, ಮನೆಗಳಲ್ಲಿ ಕೆಸರು ತುಂಬಿತು. ಅಂಥ ಹೊತ್ತಿನಲ್ಲಿ ಜೇನು ತೋರಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಕೊನೆಗೆ ಹೊರಟದ್ದು 2022ರ ಮೇ ತಿಂಗಳ ಒಂದು ಶುಕ್ರವಾರ. ಗೆಳೆಯರ ಕೆಲಸ ಮುಗಿಯಲು ಆಗ ಐದೇ ತಿಂಗಳು ಬಾಕಿ.

ಹೊರಡುವ ಮುನ್ನ ವೈದ್ಯನಾಗಿ ಒಂದು ವಿಚಾರಣೆ ಮಾಡಿದೆ: "ಹಿಂದೆ ಜೇನು ಕಚ್ಚಿದಾಗ ಮೈಯೆಲ್ಲ ದದ್ದು ಎದ್ದಿತ್ತೇ? ಉಸಿರು ಕಟ್ಟಿತ್ತೇ? ತಲೆ ಸುತ್ತಿತ್ತೇ?" ಕಚ್ಚಿದ ಜಾಗ ಮಾತ್ರ ಊದುವುದು ಸಹಜ. ಮೇಲೆ ಹೇಳಿದ ಮೂರರಲ್ಲಿ ಒಂದು ಕಂಡರೂ ಅದು ಅಪಾಯದ ಅಲರ್ಜಿ. ಅದಕ್ಕೆ ಮದ್ದು ಆಡ್ರಿನಲಿನ್ ಇಂಜೆಕ್ಷನ್. ಸುಣ್ಣ, ಈರುಳ್ಳಿ ಹಚ್ಚುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಒಮಾನಿನಲ್ಲಾದರೆ 9999ಕ್ಕೆ ಫೋನ್ ಮಾಡಿ. ಚರ್ಮದಲ್ಲಿ ಉಳಿದ ಮುಳ್ಳನ್ನು ಉಗುರಿನಿಂದಲೋ ಚಿಮಟದಿಂದಲೋ, ಹೇಗಾದರೂ ಸರಿ, ಬೇಗ ತೆಗೆಯುವುದು ಮುಖ್ಯ. ಗೆಳೆಯರಿಗೆ ಅಂಥ ತೊಂದರೆ ಇರಲಿಲ್ಲ. ಆದರೂ ಇಂಜೆಕ್ಷನ್ ನನ್ನ ಚೀಲದಲ್ಲಿತ್ತು.

ದಾರಿಯಲ್ಲಿ ಅವರು, "ಎರಡು ವರ್ಷದಿಂದ ಬರೀ ವಿಘ್ನ, ಇದು ಶಕುನವಿರಬೇಕು ಡಾಕ್ಟ್ರೇ" ಎಂದರು. ಅವರ ಬೇಸರ ಕಳೆಯಲು ಫ್ರಾಂಕ್ ಬೆಂಟನ್ ಕಥೆ ಹೇಳಿದೆ. ಈತ ಅಮೆರಿಕದವನು. 1880ರಲ್ಲಿ ಕೆನಡಾದ ಜೇನು ಕೃಷಿಕ ಡಿ.ಎ. ಜೋನ್ಸ್ ಜೊತೆಗೆ ಹೊಸ ಜೇನು ತಳಿಗಳನ್ನು ಹುಡುಕುತ್ತಾ ಸೈಪ್ರಸ್ಸಿಗೆ ಬಂದ. ಅಲ್ಲಿಂದ ಮುಂದೆ ಸಿಲೋನ್, ಭಾರತದ ಕಡೆ ಪಯಣ. ಅವನ ಕಣ್ಣು ನಮ್ಮ ಹೆಜ್ಜೇನಿನ ಮೇಲಿತ್ತು. ಇಷ್ಟು ದೊಡ್ಡ ಹುಳ ಪಳಗಿದರೆ ಎಷ್ಟು ಜೇನು ಸಿಕ್ಕೀತು ಎಂಬ ಆಸೆ. ಕಾಡು ಅಲೆದು ಹೆಜ್ಜೇನಿನ ಕುಟುಂಬಗಳನ್ನು ಹಿಡಿದು ಪೆಟ್ಟಿಗೆಗೂ ಹಾಕಿದ. ಅಷ್ಟರಲ್ಲಿ ಕಾಯಿಲೆ ಬಿದ್ದು ಮೇಲೇಳಲಾಗದಂತಾದ. ನೋಡಿಕೊಳ್ಳುವವರಿಲ್ಲದೆ ಜೇನೆಲ್ಲ ಸತ್ತುಹೋಯಿತು. ಬದುಕಿ ತಲುಪಿದ್ದರೂ ಹೆಜ್ಜೇನು ಅವನ ಪೆಟ್ಟಿಗೆಯಲ್ಲಿ ನಿಲ್ಲುತ್ತಿರಲಿಲ್ಲ. ಬಯಲಲ್ಲಿ ಒಂದೇ ಎರಿ ಕಟ್ಟಿ, ಹೂವು ಮುಗಿದರೆ ಊರನ್ನೇ ಬಿಡುವ ಜಾತಿ ಅದು. ಆದರೆ ಬೆಂಟನ್ ಜೇನಿನ ಸಹವಾಸ ಬಿಡಲಿಲ್ಲ. ರಾಣಿ ಹುಳವನ್ನು ಕೆಲವು ದಾದಿ ಹುಳಗಳ ಜೊತೆ ಅಂಚೆಯಲ್ಲಿ ದೇಶಾಂತರ ಕಳಿಸುವ ಪುಟ್ಟ ಮರದ ಗೂಡಿಗೆ ಇಂದಿಗೂ ಅವನದೇ ಹೆಸರಿದೆ. ಮರದ ತುಂಡಿನಲ್ಲಿ ಮೂರು ಗುಂಡಿ, ಒಂದರಲ್ಲಿ ದಾರಿಯ ಬುತ್ತಿಯಾಗಿ ಸಕ್ಕರೆಯ ಕಣಕ, ಅಷ್ಟೇ. ಪ್ರಯಾಣದಲ್ಲಿ ಜೇನು ಹೇಗೆ ಸಾಯುತ್ತದೆ ಎಂದು ಕಂಡವನು ಹೇಗೆ ಬದುಕಿಸಬೇಕೆಂಬುದನ್ನೂ ಕಂಡುಕೊಂಡ.

ಕಥೆ ಮುಗಿಯುವಷ್ಟರಲ್ಲಿ ರುಸ್ತಾಕ್ ದಾಟಿ ವಾದಿಯ ಕಲ್ಲುದಾರಿಗೆ ಇಳಿದಿದ್ದೆವು. ಎಂಬತ್ತರ ಹತ್ತಿರದ ಹಿರಿಯರು, ತಲೆಗೆ ಮಸ್ಸರ್ ಸುತ್ತಿ ಬಾಗಿಲಲ್ಲೇ ಕಾದಿದ್ದರು. ಖರ್ಜೂರ, ಕಹ್ವಾ ಆಗದೆ ಮಾತೇ ಇಲ್ಲ. ಮೂರನೇ ಲೋಟ ಮುಗಿಸಿ, ಲೋಟ ಅಲುಗಾಡಿಸಿ ಸಾಕೆಂದು ತೋರಿಸಿದ ಮೇಲೆ ನರ್ಸ್ ಮೆಲ್ಲನೆ ವಿಷಯ ಹೇಳಿದರು: "ಡಾಕ್ಟರ್, ಅಬು ತುವೈಕ್ ಮೊನ್ನೆ ಹಾರಿಹೋಯಿತಂತೆ."

ಎರಡು ವರ್ಷ ಕಾದದ್ದು ಇದಕ್ಕೇ? ಗೆಳೆಯರು ತಲೆಗೆ ಕೈಹೊತ್ತು ಕೂತರು. ಅಜ್ಜ ಮಾತ್ರ ನಗುತ್ತಲೇ ಎದ್ದು, "ತಆಲ್, ದಕ್ತೂರ್" ಎಂದು ಕರೆದರು. ಹಿತ್ತಿಲ ಬಂಡೆಯ ಗೂಡಿನಲ್ಲಿ ಒಂದು ಕೋಲಿಗೆ ಅಂಗೈಯಗಲದ ಒಣ ಎರಿ ನೇತಾಡುತ್ತಿತ್ತು. ರಾಣಿಯಿಲ್ಲ, ಮರಿಯಿಲ್ಲ, ಹನಿ ಜೇನಿಲ್ಲ. ಮೇಲೆ ಹೊದಿಸಿದ್ದ ಖರ್ಜೂರದ ಗರಿ ಗಾಳಿಗೆ ಹಾರಿ ಎರಡು ದಿನ ಉರಿಬಿಸಿಲು ಬಿದ್ದಿತ್ತಂತೆ. ಆದರೂ ಹತ್ತಿಪ್ಪತ್ತು ಹುಳಗಳು ಎರಿಯ ಮೇಲೆ ಓಡಾಡುತ್ತಿದ್ದವು. "ನೋಡಿ, ಮೇಣ ಕೆರೆಯುತ್ತಿವೆ" ಎಂದರು. ಹೌದು, ಹಳೆಯ ಮನೆಯ ಮೇಣವನ್ನು ಬಾಯಿಂದ ಕೆರೆದು ಹಿಂಗಾಲಿಗೆ ಅಂಟಿಸಿಕೊಂಡು ಹಾರುತ್ತಿದ್ದವು. ಮೇಣ ಮಾಡಲು ಜೇನು ಖರ್ಚಾಗುತ್ತದೆ, ಅದನ್ನು ಬಿಟ್ಟುಹೋಗುವ ದುಂದುಗಾರಿಕೆ ಈ ಹುಳಕ್ಕಿಲ್ಲ. ದೂರ ಹೋದರೆ ಮೇಣ ಹೊರುವುದು ಗಿಟ್ಟುವುದಿಲ್ಲ. ಹೊರುತ್ತಿವೆ ಎಂದರೆ ಹೊಸ ಮನೆ ಹತ್ತಿರದಲ್ಲೇ ಇದೆ!

ಎಂಬತ್ತರ ಅಜ್ಜ ಮುಂದೆ, ಐವತ್ತು ದಾಟಿದ ನಾವಿಬ್ಬರು ಏದುಸಿರು ಬಿಡುತ್ತಾ ಹಿಂದೆ. ಅವರು ಹಣೆಗೆ ಕೈಯಿಟ್ಟು ಹುಳ ಹಾರುವ ದಿಕ್ಕು ನೋಡುತ್ತಾರೆ, ಇಪ್ಪತ್ತು ಹೆಜ್ಜೆ ನಡೆದು ನಿಲ್ಲುತ್ತಾರೆ, ಮತ್ತೆ ನೋಡುತ್ತಾರೆ. ಕಾಡಿನ ಅಬು ತುವೈಕನ್ನು ಹುಡುಕುವುದೂ ಹೀಗೆಯೇ. ಹುಳ ನೀರು ಕುಡಿಯಲು ಬರುವ ಕಡೆ ಕಾದು ಕೂತು, ಹಾರಿದ ದಿಕ್ಕು ಹಿಡಿದು ಹೋಗುವುದು. ಅರ್ಧ ಗಂಟೆಯಲ್ಲಿ ಸುಮ್ರ್ ಮರದ ಒಳಗೊಂಬೆಯಲ್ಲಿ ಹುಳಗಳ ಪುಟ್ಟ ಪರದೆ ಕಾಣಿಸಿತು. ನಮ್ಮೂರ ಬೇಲಿಯಲ್ಲಿ ಕಂಡ ಅದೇ ಕೋಲುಜೇನು. ಕೊಂಬೆಯ ಎರಡೂ ಬದಿಗೆ ಅಂಟಿನ ಪಟ್ಟಿ ಬಳಿದಿದ್ದವು. ಇರುವೆ ದಾಟದಂತೆ ಅವು ಹಾಕಿಕೊಳ್ಳುವ ಗಡಿ ಅದು.

"ಈಗ ಕತ್ತರಿಸಿ ಮನೆಗೆ ಒಯ್ಯೋಣವೇ?" ಎಂದು ಗೆಳೆಯರು ಕೇಳಿದರು. ಅಜ್ಜ ಬೇಡವೆಂದು ತಲೆಯಾಡಿಸಿದರು. "ಇನ್ನೂ ಮರಿಯಾಗಿಲ್ಲ. ಮರಿಯಿಲ್ಲದ ಮನೆಯಲ್ಲಿ ಇವು ನಿಲ್ಲುವುದಿಲ್ಲ. ಮುಟ್ಟಿದರೆ ಇವತ್ತೇ ಮತ್ತೆ ಹೋಗುತ್ತವೆ. ಮರಿಯಾಗಲಿ, ಆಮೇಲೆ ಕರೆದುಕೊಂಡು ಬರುತ್ತೇನೆ." ನರ್ಸ್ ಅದನ್ನು ಹಿಂದಿಯಲ್ಲಿ ಹೇಳಿದಾಗ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಇಲ್ಲಿ ಒಂಟಿ ಕೋಣೆಯಲ್ಲಿ ವರ್ಷಗಳನ್ನು ಕಳೆದವರು ಆ ಮಾತಿಗೆ ಟೀಕೆ ಬರೆಯಬೇಕಿಲ್ಲ.

ಕರೆದುಕೊಂಡು ಬರುವುದು ಹೇಗೆಂದು ತೋರಿಸಲು ಅವರು ತಮ್ಮನ ಮನೆಯ ಇನ್ನೊಂದು ಕುಟುಂಬದ ಬಳಿಗೆ ಕರೆದೊಯ್ದರು. ಕೋಲುಜೇನಿನ ಎರಿಯಲ್ಲಿ ಜೇನು ಇರುವುದು ಮೇಲ್ಭಾಗದಲ್ಲಿ, ಕೊಂಬೆಯನ್ನು ತಬ್ಬಿಕೊಂಡ ದಪ್ಪ ಉಬ್ಬಿನಲ್ಲಿ. ಕೆಳಗಿನ ತೆಳು ಭಾಗವೆಲ್ಲ ಮರಿಗಳದು. ಅಜ್ಜ ಸ್ವಲ್ಪವೇ ಹೊಗೆ ತೋರಿಸಿ, ಹುಳಗಳು ಬದಿಗೆ ಸರಿದಾಗ ಮೇಲಿನ ಜೇನಿನ ಉಬ್ಬನ್ನಷ್ಟೇ ಚಾಕುವಿನಿಂದ ಬಿಡಿಸಿಕೊಂಡರು. ಉಳಿದ ಮರಿ ಎರಿಯನ್ನು, ಉದ್ದಕ್ಕೆ ಸೀಳಿದ ಖರ್ಜೂರದ ಗರಿಯ ದಿಂಡಿನ ಎರಡು ಹೋಳುಗಳ ನಡುವೆ ಹಿಡಿದು ನಾರಿನಿಂದ ಕಟ್ಟಿದರು. ಮುರಿದ ಕೈಗೆ ನಮ್ಮ ಮೂಳೆ ಡಾಕ್ಟರು ಎರಡು ಬದಿಗೆ ಪಟ್ಟಿ ಇಟ್ಟು ಕಟ್ಟುತ್ತಾರಲ್ಲ, ಥೇಟ್ ಹಾಗೆಯೇ! ಆ ದಿಂಡನ್ನು ನೆರಳಿನ ಗೂಡಿನಲ್ಲಿ ಅಡ್ಡಲಾಗಿ ಇಟ್ಟರು. ಸ್ವಲ್ಪ ಹೊತ್ತಿಗೆ ಹುಳಗಳು ತಮ್ಮ ಮರಿಗಳನ್ನು ಮತ್ತೆ ಮುಚ್ಚಿಕೊಂಡವು. ಇನ್ನು ದಿಂಡಿನ ಮೇಲೆ ಹೊಸ ಜೇನು ಕಟ್ಟುತ್ತವೆ, ಅದನ್ನು ಮಾತ್ರ ಮುಂದಿನ ಸಲ ತೆಗೆಯುವುದು. ಸಿಕ್ಕಿದ ಜೇನು ಒಂದು ಬಟ್ಟಲು. ಇಂಥ ಕುಟುಂಬ ಕಿಲೋ ಜೇನು ಕೊಡುವುದೇ ಹೆಚ್ಚು.

ಪೆಟ್ಟಿಗೆಯಿಲ್ಲ, ಬಾಗಿಲಿಲ್ಲ, ಜಾಲರಿಯಿಲ್ಲ. ಜೇನು ಯಾವ ಗಳಿಗೆಯಲ್ಲಾದರೂ ಹಾರಿಹೋಗಬಹುದು, ಹೋಗುತ್ತದೆ ಕೂಡ. ಅದು ಉಳಿಯುವುದು ನೆರಳು, ನೀರು, ಹೂವು, ಮರಿ ಇದ್ದರೆ ಮಾತ್ರ. "ಹೋದರೆ ನಷ್ಟವಲ್ಲವೇ?" ಎಂದು ಗೆಳೆಯರು ಕೇಳಿದ್ದಕ್ಕೆ ಅಜ್ಜ, "ಹೋದರೆ ನನ್ನಲ್ಲಿ ಏನು ಕಡಿಮೆಯಾಯಿತು ಎಂದು ನೋಡುತ್ತೇನೆ" ಎಂದರು. ನನಗೆ ಅಪ್ಪನ ಹನ್ನೆರಡು ಪೆಟ್ಟಿಗೆಗಳ ನೆನಪಾಯಿತು. ವೈರಸ್ಸಿಗೆ ಅಪ್ಪನಲ್ಲೂ ಉತ್ತರವಿರಲಿಲ್ಲ, ಈ ಅಜ್ಜನಲ್ಲೂ ಇರಲಾರದು. ಆದರೆ ಜೇನು ಹಾರಿಹೋಗುವ ಉಳಿದ ಕಾರಣಗಳೆಲ್ಲ ಕಣ್ಣಿಟ್ಟು ನೋಡುವವನಿಗೆ ಮೊದಲೇ ಕಾಣುವಂಥವು.

ಮರಳುವಾಗ ಗೆಳೆಯರು ನೂರು ಪೆಟ್ಟಿಗೆಯ ಮಾತೆತ್ತಲಿಲ್ಲ. ನಾನೇ ಎತ್ತಿದೆ. ಅವರು ಲೆಕ್ಕ ಹಾಕಿದ್ದು ಮೆಲ್ಲಿಫೆರಾ ಜೇನಿಗೆ. ಯುರೋಪಿನ ಈ ತಳಿ 1962ರಲ್ಲಿ ಈಗಿನ ಹಿಮಾಚಲದ ನಗ್ರೋಟಾದಲ್ಲಿ ನೆಲೆಯೂರಿ ಅಲ್ಲಿಂದ ದೇಶವೆಲ್ಲ ಹರಡಿತು. ತುಡುವೆಗಿಂತ ಹೆಚ್ಚು ಜೇನು ಕೊಡುತ್ತದೆ, ನಿಜ. ಆದರೆ ಅದಕ್ಕೆ ಸೂರ್ಯಕಾಂತಿ, ಸಾಸಿವೆ, ರಬ್ಬರ್ ಎಂದು ಹೂವಿನ ಹಿಂದೆ ಪೆಟ್ಟಿಗೆ ಹೊತ್ತು ತಿರುಗಬೇಕು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಹುಳ ಹೊರಗೆ ಹೋಗಲಾರದು, ಹೋದರೂ ಹೂವಿಲ್ಲ. ಆಗ ಸಕ್ಕರೆ ಪಾಕ ಇಡಬೇಕು, ಮೇಣದ ಹುಳು, ಕಣಜ, ಇರುವೆ ಕಾಯಬೇಕು. "ಜೇನು ತಾನೇ ದುಡಿಯುತ್ತದೆ" ಎನ್ನುವ ಲೆಕ್ಕಕ್ಕೆ ಈ ನಾಲ್ಕು ತಿಂಗಳು ಸೇರುವುದೇ ಇಲ್ಲ.

ಅವರು 2022ರ ಕೊನೆಗೆ ಊರಿಗೆ ಹೋದರು. ಕೊಂಡದ್ದು ಎರಡೇ ಪೆಟ್ಟಿಗೆ, ಅದೂ ತುಡುವೆ. ಒಂದು ವರ್ಷ ಮನೆಯ ಸುತ್ತ ಯಾವ ತಿಂಗಳು ಯಾವ ಮರ ಹೂ ಬಿಡುತ್ತದೆಂದು ಡೈರಿಯಲ್ಲಿ ಬರೆದರು. ಮೊದಲ ಮಳೆಗಾಲದಲ್ಲೇ ಒಂದು ಕುಟುಂಬ ಹಾರಿಹೋಯಿತು. ಫೋನಿನಲ್ಲಿ ಅವರ ಮಾತಿನಲ್ಲಿ ಅಳುಕಿರಲಿಲ್ಲ. "ಪೆಟ್ಟಿಗೆ ಮೇಲೆ ತೊಟ್ಟಿಕ್ಕುತ್ತಿತ್ತು ಡಾಕ್ಟ್ರೇ, ಒಳಗೆ ತೇವ. ಈಗ ಜಾಗ ಬದಲಿಸಿದ್ದೇನೆ." ಈಗ ಅವರ ಅಂಗಳದಲ್ಲಿ ಏಳು ಕುಟುಂಬಗಳಿವೆ. ಗ್ರಾಚುಯಿಟಿಯ ಹಣದಲ್ಲಿ ಮಗಳ ಓದು ಮುಗಿಯಿತು. ಬೇಲಿಯ ಕೋಲುಜೇನಿಗೆ ಹೊಗೆ ಹಾಕಲು ಬಂದ ಹುಡುಗರನ್ನು ಅವರು ಮೊನ್ನೆ ಗದರಿಸಿ ಕಳಿಸಿದರಂತೆ.

ಆದ್ದರಿಂದ, ಜೇನಿನ ಕನಸು ಕಾಣುವ ಗೆಳೆಯರೇ, ಉಳಿತಾಯದ ಹಣ ತೆಗೆಯುವ ಮೊದಲು ಒಂದು ವರ್ಷ ಎರಡು ಪೆಟ್ಟಿಗೆಯ ಜೊತೆ ಬಾಳಿ ನೋಡಿ. ರಜೆಗೆ ಊರಿಗೆ ಹೋದಾಗ ಒಬ್ಬ ಹಳೆಯ ಜೇನು ಕೃಷಿಕರ ಮನೆಯಲ್ಲಿ ನಾಲ್ಕು ದಿನ ಕಳೆಯಿರಿ. ಮಳೆಗಾಲದಲ್ಲಿ ಹೋದರೆ ಇನ್ನೂ ಒಳ್ಳೆಯದು, ಕಷ್ಟವೆಲ್ಲ ಆಗಲೇ ಕಾಣುವುದು.

ಡಾಕ್ಟರ ಅಂಕಣವಾದ್ದರಿಂದ ಕೊನೆಯಲ್ಲಿ ಎರಡು ಮಾತು. ಒಂದು, ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ, ಶಾಸ್ತ್ರಕ್ಕೂ ಬೇಡ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ಬೀಜಾಣು ಎಳೆಯ ಕರುಳಿನಲ್ಲಿ ಮೊಳೆತು ಮಗುವಿನ ಸ್ನಾಯುಗಳ ಶಕ್ತಿಯನ್ನೇ ಕುಂದಿಸಬಲ್ಲದು. ಎರಡು, ಸಕ್ಕರೆ ಕಾಯಿಲೆಯವರು ಸಿದ್ರ್ ಜೇನಿಗೆ ಎಷ್ಟು ರಿಯಾಲ್ ಕೊಟ್ಟರೂ ಅದು ಸಕ್ಕರೆಯೇ. ಚಮಚದ ಲೆಕ್ಕವಿರಲಿ.